ಕ್ಯಾಮೆರಾ ಕಣ್ಣು ತೆರೆಯುವ ಮುನ್ನ

ಫೋನಿನ ಪರದೆಯ ಮೇಲೆ ಕ್ಯಾಮೆರಾ ಚಿತ್ರವನ್ನು ಮುಟ್ಟಿದ ಕ್ಷಣಾರ್ಧದಲ್ಲಿ ಎದುರಿನ ದೃಶ್ಯ ಮೂಡುತ್ತದೆ. ಆ ಕ್ಷಣಾರ್ಧದೊಳಗೆ ಬೆಳಕನ್ನು ಗ್ರಹಿಸುವ ಸೆನ್ಸರ್ ಎಂಬ ಚಿಪ್‌ಗೆ ವಿದ್ಯುತ್ ಹರಿಯಬೇಕು, ಅದರ ಗಡಿಯಾರ ಮಿಡಿಯಬೇಕು, ನಿದ್ದೆಯಿಂದ ಅದು ಏಳಬೇಕು. ಇವನ್ನೆಲ್ಲ ಕ್ರಮ ತಪ್ಪದಂತೆ ಮಾಡಿಸುವುದು ಡಿವೈಸ್ ಡ್ರೈವರ್ ಎಂಬ ಪುಟ್ಟ ತಂತ್ರಾಂಶ. ಎಬ್ಬಿಸುವ ಕೆಲಸ ಹೇಗೋ ನಡೆದುಹೋಗುತ್ತದೆ. ಡ್ರೈವರ್ ಬರೆಯುವವರು ಎಡವುವುದು ಹೆಚ್ಚಾಗಿ ಮತ್ತೆ ಮಲಗಿಸುವಾಗ.

ಸೋನಿ ಕಂಪೆನಿಯ ಐಎಂಎಕ್ಸ್219 ಎಂಬ 8 ಮೆಗಾಪಿಕ್ಸೆಲ್ ಸೆನ್ಸರನ್ನೇ ನೋಡೋಣ. 2016ರಲ್ಲಿ ಬಂದ ರಾಸ್ಪ್‌ಬೆರಿ ಪೈ ಕ್ಯಾಮೆರಾದ ಎರಡನೆಯ ಆವೃತ್ತಿಯಲ್ಲಿರುವುದು ಇದೇ. ಇದರ ಲಿನಕ್ಸ್ ಡ್ರೈವರನ್ನು ಯಾರು ಬೇಕಾದರೂ ತೆರೆದು ಓದಬಹುದು. ಸೆನ್ಸರಿಗೆ 2.8, 1.8 ಮತ್ತು 1.2 ವೋಲ್ಟ್‌ಗಳ ಮೂರು ಪ್ರತ್ಯೇಕ ವಿದ್ಯುತ್ ಪೂರೈಕೆ ಬೇಕು. ಡ್ರೈವರ್ ಮೊದಲು ಈ ಮೂರನ್ನೂ ಹಚ್ಚುತ್ತದೆ. ಬಳಿಕ ಗಡಿಯಾರವನ್ನು ಚಾಲೂ ಮಾಡುತ್ತದೆ. ಆಮೇಲೆ ರೀಸೆಟ್ ತಂತಿಯ ಹಿಡಿತ ಸಡಿಲಿಸಿ ಸುಮಾರು 6 ಮಿಲಿಸೆಕೆಂಡ್ ಸುಮ್ಮನೆ ಕಾಯುತ್ತದೆ. ನಂತರವಷ್ಟೇ 'ನೀನು ಯಾರು' ಎಂಬ ಪ್ರಶ್ನೆ. ಸೆನ್ಸರ್ 0219 ಎಂಬ ಗುರುತಿನ ಸಂಖ್ಯೆ ಹೇಳಿದರೆ ಪರಿಚಯ ಮುಗಿಯಿತು. ಅವಸರಪಟ್ಟು ಮೊದಲೇ ಕೇಳಿದರೆ ಉತ್ತರ ಬಾರದು. ಅಲ್ಲಿ ಸೆನ್ಸರೇ ಇಲ್ಲವೆಂದು ಡ್ರೈವರ್ ಕೈಚೆಲ್ಲುತ್ತದೆ. ಬಡಪಾಯಿ ಎಂಜಿನಿಯರ್ ಕೇಬಲ್ ಬದಲಿಸುತ್ತ ಕೂರುತ್ತಾನೆ.

ಗಡಿಯಾರದ ವಿಷಯದಲ್ಲಿ ಈ ಡ್ರೈವರಿನದು ಇನ್ನೂ ಬಿಗಿಯಾದ ನಿಲುವು. ಸೆಕೆಂಡಿಗೆ 2.4 ಕೋಟಿ ಮಿಡಿತ, ಅಂದರೆ 24 ಮೆಗಾಹರ್ಟ್ಸ್, ಇರಲೇಬೇಕು. ಬೇರೆ ವೇಗ ಕಂಡರೆ ಅದು ಕೆಲಸವನ್ನೇ ಒಲ್ಲೆನೆನ್ನುತ್ತದೆ. ಸೆನ್ಸರ್ ಈ ಮಿಡಿತವನ್ನೇ ಒಳಗೆ ಹಲವು ಪಟ್ಟು ಹೆಚ್ಚಿಸಿಕೊಂಡು ಬಳಸುವುದರಿಂದ ಮೂಲ ಲಯ ತಪ್ಪಿದರೆ ಸೆಕೆಂಡಿಗೆ ಎಷ್ಟು ಚಿತ್ರ, ಎಷ್ಟು ಹೊತ್ತು ಬೆಳಕು, ಯಾವ ವೇಗದಲ್ಲಿ ರವಾನೆ ಎಂಬ ಎಲ್ಲ ಲೆಕ್ಕವೂ ತಪ್ಪುತ್ತದೆ. ತಪ್ಪು ಚಿತ್ರ ಕೊಡುವುದಕ್ಕಿಂತ ನಿರಾಕರಣೆಯೇ ಲೇಸು.

ಇನ್ನು ಮಲಗಿಸುವ ಮಾತು. ಸೆನ್ಸರನ್ನು ಎಷ್ಟು ಮಂದಿ ಬಳಸುತ್ತಿದ್ದಾರೆಂದು ಲಿನಕ್ಸ್ ಎಣಿಕೆ ಇಡುತ್ತದೆ. ಬಳಕೆ ಶುರುವಾದಾಗ ಒಂದು ಕೂಡುತ್ತದೆ, ಮುಗಿದಾಗ ಒಂದು ಕಳೆಯುತ್ತದೆ. ಸೊನ್ನೆಯಾದರೆ ವಿದ್ಯುತ್ತೂ ಗಡಿಯಾರವೂ ನಿಲ್ಲುತ್ತವೆ. ಕೇಳಲು ಸರಳ. ಆದರೆ ಎಬ್ಬಿಸಲು ಬಹುಕಾಲ ಬಳಕೆಯಲ್ಲಿದ್ದ 'ಗೆಟ್ ಸಿಂಕ್' ಎಂಬ ಆದೇಶಕ್ಕೆ ಒಂದು ವಿಚಿತ್ರ ಗುಣವಿತ್ತು, ಈಗಲೂ ಇದೆ: ಎಬ್ಬಿಸಲು ಸಾಧ್ಯವಾಗದೆ ಹೋದರೂ ಅದು ಎಣಿಕೆಗೆ ಒಂದನ್ನು ಕೂಡಿಬಿಡುತ್ತದೆ. ಕೆಲಸ ಆಗಲಿಲ್ಲವಲ್ಲ ಎಂದು ಹಿಂದಿರುಗಿದ ಪ್ರೋಗ್ರಾಮರ್ ಆ ಒಂದನ್ನು ಕಳೆಯುವುದನ್ನೇ ಮರೆತರೆ ಲೆಕ್ಕ ಮತ್ತೆಂದೂ ಸೊನ್ನೆಗೆ ಇಳಿಯದು. ಮುಂದೊಮ್ಮೆ ಸೆನ್ಸರ್ ಎದ್ದರೆ ಮಲಗುವ ಮಾತೇ ಇಲ್ಲ. ಫೋನ್ ಜೇಬಿನಲ್ಲಿದ್ದರೂ ಚಾರ್ಜು ಸೋರುತ್ತಿರುತ್ತದೆ, ಬೈಗುಳ ಮಾತ್ರ ಬ್ಯಾಟರಿಗೆ. ಸೋತಾಗ ಎಣಿಕೆಯನ್ನು ತಾನೇ ಸರಿಪಡಿಸಿಕೊಳ್ಳುವ 'ರೆಸ್ಯೂಮ್ ಆ್ಯಂಡ್ ಗೆಟ್' ಎಂಬ ಹೊಸ ಆದೇಶ ಲಿನಕ್ಸ್‌ಗೆ ಸೇರಿದ್ದು 2020ರಲ್ಲಿ. ಮರುವರ್ಷ ಹಲವಾರು ಕ್ಯಾಮೆರಾ ಡ್ರೈವರ್‌ಗಳನ್ನು ಒಂದೊಂದಾಗಿ ಹುಡುಕಿ ತಿದ್ದಲಾಯಿತು.

ಸೆನ್ಸರ್ ಮಲಗಿದೆಯೋ ಇಲ್ಲವೋ ಎಂಬುದು ಬ್ಯಾಟರಿಗಷ್ಟೇ ಸಂಬಂಧಿಸಿದ್ದಲ್ಲ. ಲ್ಯಾಪ್‌ಟಾಪ್ ಕ್ಯಾಮೆರಾದ ಪಕ್ಕದಲ್ಲಿ ಉರಿಯುವ ಪುಟ್ಟ ದೀಪವನ್ನು ಜನ ನಂಬಿರುತ್ತಾರೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಆ ನಂಬಿಕೆಯನ್ನೇ ಪರೀಕ್ಷಿಸಿದರು. ಕೆಲವು ಹಳೆಯ ಮ್ಯಾಕ್‌ಬುಕ್‌ಗಳಲ್ಲಿ ದೀಪವನ್ನು ಸೆನ್ಸರಿನ ವಿದ್ಯುತ್ತಿಗೆ ಕಟ್ಟದೆ, ಅದನ್ನು ಮಲಗಿಸುವ ಸ್ಟ್ಯಾಂಡ್‌ಬೈ ತಂತಿಗೆ ಕಟ್ಟಲಾಗಿತ್ತು. ಕ್ಯಾಮೆರಾದ ಒಳ ತಂತ್ರಾಂಶವನ್ನು ಬದಲಿಸಿ, ಆ ತಂತಿಯ ಮಾತು ಕೇಳಬೇಡವೆಂದು ಸೆನ್ಸರಿಗೆ ಹೇಳಿಕೊಟ್ಟರು. ತಂತಿ 'ಮಲಗು' ಎಂದಿತು, ದೀಪ ಆರಿತು. ಕ್ಯಾಮೆರಾ ಮಾತ್ರ ಚಿತ್ರ ತೆಗೆಯುತ್ತಲೇ ಇತ್ತು.