ಐರಿಸ್ ತೋಟದ ಚಿತ್ರಶಾಲೆ

ಸೆಡ್ರಿಕ್ ಮಾರಿಸ್ ಚಿತ್ರ ಬರೆಯುವ ರೀತಿಯೇ ಬೇರೆ. ಮೊದಲು ಗೆರೆ ಹಾಕಿಕೊಳ್ಳುತ್ತಿರಲಿಲ್ಲ. ಖಾಲಿ ಕ್ಯಾನ್ವಾಸಿನ ಮೇಲ್ತುದಿಯಲ್ಲಿ ಶುರುಮಾಡಿ, ಸ್ವೆಟರ್ ಹೆಣೆದಂತೆ ದಟ್ಟ ಬಣ್ಣ ಕೂಡಿಸುತ್ತ ಕೆಳಗಿಳಿಯುತ್ತಿದ್ದರು. ತಳ ಮುಟ್ಟಿದಾಗ ಚಿತ್ರ ಮುಗಿದಿರುತ್ತಿತ್ತು.

ಮಾರಿಸ್ ಹುಟ್ಟಿದ್ದು 1889ರಲ್ಲಿ, ವೇಲ್ಸ್‌ನ ಸ್ವಾನ್ಸಿ ಬಳಿ, ತಾಮ್ರದ ಉದ್ಯಮದಿಂದ ಮೇಲೆ ಬಂದ ಸಿರಿವಂತ ಮನೆತನದಲ್ಲಿ. 1947ರಲ್ಲಿ ತಂದೆ ತೀರಿಕೊಂಡ ಮೇಲೆ ವಂಶದ ಬಿರುದು ಪಡೆದು 9ನೇ ಬ್ಯಾರೊನೆಟ್ ಆದರು. ಅದಕ್ಕೂ ಹತ್ತು ವರ್ಷ ಮೊದಲೇ, ಬಾಳಸಂಗಾತಿ ಆರ್ಥರ್ ಲೆಟ್-ಹೇನ್ಸ್ ಜೊತೆ ಇಂಗ್ಲೆಂಡಿನ ಡೆಡಮ್ ಹಳ್ಳಿಯಲ್ಲಿ ಚಿತ್ರಶಾಲೆ ತೆರೆದಿದ್ದರು. 1939ರಲ್ಲಿ ಆ ಕಟ್ಟಡ ಸುಟ್ಟುಹೋಯಿತು. ಹದಿಹರೆಯದ ವಿದ್ಯಾರ್ಥಿ ಲೂಸಿಯನ್ ಫ್ರಾಯ್ಡ್‌ರ ಸಿಗರೇಟೇ ಕಾರಣವೆಂಬ ಮಾತಿದೆ. ಮರುವರ್ಷ ಶಾಲೆ ಸಫೋಕ್‌ನ ಹ್ಯಾಡ್ಲಿ ಊರಂಚಿನ ಬೆಂಟನ್ ಎಂಡ್ ಎಂಬ 16ನೇ ಶತಮಾನದ ತೋಟದ ಮನೆಗೆ ಬಂತು. ಫ್ರಾಯ್ಡ್ ಕೂಡ ಜೊತೆಗೇ ಬಂದರು. ಗುರುಶಿಷ್ಯರು ಒಬ್ಬರನ್ನೊಬ್ಬರು ಬರೆದ ಭಾವಚಿತ್ರಗಳು ಇಂದಿಗೂ ಉಳಿದಿವೆ.

ಹಂತಹಂತದ ಪಾಠ ಇಲ್ಲಿರಲಿಲ್ಲ. ಹೊಸಬರೂ ಪಳಗಿದವರೂ ಒಟ್ಟಿಗೇ ತೋಟದಲ್ಲಿ ಈಸೆಲ್ ಇಟ್ಟು ಬರೆಯುತ್ತಿದ್ದರು. ಅಡುಗೆ, ಆಡಳಿತ ಎರಡೂ ಲೆಟ್-ಹೇನ್ಸ್‌ರದು. 1960ರಲ್ಲಿ 15ರ ಹುಡುಗಿ ಮ್ಯಾಗಿ ಹ್ಯಾಂಬ್ಲಿಂಗ್ ತನ್ನ ಚಿತ್ರಗಳನ್ನು ತೋರಿಸಲು ಇಲ್ಲಿಗೆ ಬಂದಳು; ಮುಂದೆ ಹೆಸರಾಂತ ಕಲಾವಿದೆಯಾದಳು. ಕೆಲಸವನ್ನೇ ಆಪ್ತ ಗೆಳತಿಯಾಗಿಸಿಕೋ ಎಂದು ಲೆಟ್-ಹೇನ್ಸ್ ಹೇಳಿದ್ದನ್ನು ಆಕೆ ಈಗಲೂ ನೆನೆಯುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಅಲ್ಲಿನ ಐರಿಸ್ ಹೂಗಳು. ಕತ್ತಿಯಂಥ ಎಲೆಗಳ ನಡುವೆ ಮೂರು ಎಸಳು ಮೇಲಕ್ಕೆದ್ದು, ಮೂರು ಕೆಳಗೆ ಬಾಗುವ ಹೂವದು. ಮಾರಿಸ್ ಒಂದರ ಪರಾಗವನ್ನು ಕೈಯಾರೆ ಇನ್ನೊಂದಕ್ಕೆ ಸೋಕಿಸಿ, ಬೀಜ ಬಿತ್ತಿ, ಹೂ ಬಿಡುವವರೆಗೆ ವರ್ಷಗಟ್ಟಲೆ ಕಾಯುತ್ತಿದ್ದರು. ವರ್ಷಕ್ಕೆ ಸಾವಿರದಷ್ಟು ಸಸಿ ಬೆಳೆಸಿದರೂ ಹೆಸರು ಪಡೆದವು ಒಟ್ಟು ಸುಮಾರು 90 ತಳಿ ಮಾತ್ರ. ಹೆಚ್ಚಿನವಕ್ಕೆ ಮನೆಯ ಹೆಸರೇ ಮೊದಲು: ಬೆಂಟನ್ ಸೂಸನ್, ಬೆಂಟನ್ ನೈಜೆಲ್. ಕಣ್ಣು ಕುಕ್ಕುವ ಬಣ್ಣ ಅವರಿಗೆ ಬೇಡ. ಮಸುಕು ನೇರಳೆ, ಮಾಸಿದ ಗುಲಾಬಿ, ಹೊಗೆ ಬೆರೆತ ಹಳದಿಯೇ ಇಷ್ಟ. ಚಿತ್ರಕಾರನ ಕಣ್ಣೇ ತೋಟದಲ್ಲೂ ದುಡಿಯುತ್ತಿತ್ತು. 1943ರ ‘ಐರಿಸ್ ಸೀಡ್ಲಿಂಗ್ಸ್’ ಚಿತ್ರ ನೋಡಿದರೆ ಇದು ತಿಳಿಯುತ್ತದೆ. ಶಿಷ್ಯರಿಗೆ ದೊರೆತ ದೊಡ್ಡ ಪಾಠ ಇದೇ ಎಂದು ನನ್ನ ನಂಬಿಕೆ.

ಲೆಟ್-ಹೇನ್ಸ್ 1978ರಲ್ಲಿ, ಮಾರಿಸ್ 1982ರಲ್ಲಿ ತೀರಿಕೊಂಡರು. ಶಾಲೆ ಉಳಿಯಲಿಲ್ಲ, ಗಿಡಗಳು ಊರೂರಿಗೆ ಚದುರಿದವು. ಸಿಸ್ಸಿಂಗ್‌ಹರ್ಸ್ಟ್ ತೋಟದ ಮುಖ್ಯಸ್ಥೆಯಾಗಿದ್ದ ಸಾರಾ ಕುಕ್ ವರ್ಷಗಟ್ಟಲೆ ಹುಡುಕಿ ಕಳೆದುಹೋದ ತಳಿಗಳನ್ನು ಒಟ್ಟುಗೂಡಿಸಿ, 2015ರಲ್ಲಿ ಚೆಲ್ಸಿ ಹೂಪ್ರದರ್ಶನಕ್ಕೆ ತಂದರು. ಆ ಶ್ರಮಕ್ಕೆ ಎಷ್ಟು ಕೈಮುಗಿದರೂ ಸಾಲದು. ಮನೆ ಈಗ ಲಂಡನ್ನಿನ ಗಾರ್ಡನ್ ಮ್ಯೂಸಿಯಂ ಆಶ್ರಯದಲ್ಲಿದೆ, ತೋಟವೂ ಮತ್ತೆ ಚಿಗುರುತ್ತಿದೆ. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಮೇ ಕೊನೆಗೆ, ಐರಿಸ್ ಅರಳುವ ಹೊತ್ತಿಗೆ, ಬಾಗಿಲು ತೆರೆದಿರುವ ದಿನ ವಿಚಾರಿಸಿಕೊಂಡು ಒಮ್ಮೆ ಹೋಗಿಬನ್ನಿ. ಚಿತ್ರ ಬರೆಯುವ ಮಕ್ಕಳಿದ್ದರೆ ಅವರನ್ನೂ ಕರೆದೊಯ್ಯಿರಿ.