ಏಳು ದಿನದ ಶಿಬಿರಕ್ಕೆ ಮಣಿಯದ ಬೇರು

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಚಾಮರಾಜನಗರ ಜಿಲ್ಲೆಯ ಕಾಲೇಜೊಂದರಲ್ಲಿ ಅಧ್ಯಾಪಕನಾಗಿದ್ದ ನಾನು ರಾಷ್ಟ್ರೀಯ ಸೇವಾ ಯೋಜನೆಯ ಹೊಣೆಯನ್ನೂ ಹೊತ್ತಿದ್ದೆ. ಡಿಸೆಂಬರ್ ತಿಂಗಳ ವಿಶೇಷ ಶಿಬಿರಕ್ಕೆಂದು ಐವತ್ತು ವಿದ್ಯಾರ್ಥಿಗಳೊಂದಿಗೆ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಊರೊಂದಕ್ಕೆ ಹೋದೆ. ಅಲ್ಲಿನ ಕೆರೆ ಏರಿಯನ್ನೂ ಅದರಾಚೆಯ ಗೋಮಾಳವನ್ನೂ ಲಂಟಾನ ಪೂರ್ತಿ ಮುಚ್ಚಿತ್ತು. ಮಚ್ಚು ಹಿಡಿದು ಇಳಿದ ಹುಡುಗರು ಶಿಬಿರ ಮುಗಿಯುವಷ್ಟರಲ್ಲಿ ಎರಡು ಎಕರೆಯಷ್ಟು ನೆಲವನ್ನು ಬಯಲು ಮಾಡಿದರು. ಸಮಾರೋಪಕ್ಕೆ ಗಣ್ಯರು ಬಂದರು, ಛಾಯಾಚಿತ್ರಗಳಾದವು, ಪತ್ರಿಕೆಯಲ್ಲಿ ಸುದ್ದಿಯೂ ಬಂತು.

ಮರುವರ್ಷ ಆಗಸ್ಟ್‌ನಲ್ಲಿ ಆ ದಾರಿಯಲ್ಲಿ ಹೋಗುವ ಸಂದರ್ಭ ಒದಗಿತು. ನಾವು ಕಡಿದ ಜಾಗದಲ್ಲಿ ಲಂಟಾನ ಮೊದಲಿಗಿಂತ ದಟ್ಟವಾಗಿ ಬೆಳೆದಿತ್ತು. ಪಕ್ಕದ ಪೋಡಿನ ಸೋಲಿಗ ಹಿರಿಯರೊಬ್ಬರು ನನ್ನ ಮುಖ ನೋಡಿ ನಕ್ಕರು. ‘ಸಾಮಿ, ನೀವು ಅದಕ್ಕೆ ಕ್ಷೌರ ಮಾಡಿದ್ರಿ, ಅಷ್ಟೆಯ. ಕೂದ್ಲು ಮತ್ತೆ ಬರದೆ ಇದ್ದಾದ?’ ಎಂದರು. ಸೇವೆಯ ಹೆಸರಿನಲ್ಲಿ ನಾನು ನಡೆಸಿದ ಎಲ್ಲ ಶಿಬಿರಗಳ ಬಗೆಗೂ ಅದಕ್ಕಿಂತ ನಿಖರವಾದ ವಿಮರ್ಶೆಯನ್ನು ನಾನು ಕೇಳಿಲ್ಲ.

ಉಷ್ಣವಲಯದ ಅಮೆರಿಕ ಮೂಲದ ಈ ಗಿಡವನ್ನು ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ದೇಶದ ಹುಲಿ ಆವಾಸದ ಕಾಡುಗಳಲ್ಲಿ ಶೇ 40ಕ್ಕೂ ಹೆಚ್ಚು ಪ್ರದೇಶಕ್ಕೆ ಅದು ಹಬ್ಬಿದೆ ಎಂದು ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಅಂದಾಜಿಸಿದರು. ಅದರ ಎಲೆ ದನಕರುಗಳಿಗೆ ವಿಷ. ಜಿಂಕೆ, ಕಾಟಿಗಳಿಗೂ ಅದು ಮೇವಲ್ಲ. ಅದು ಹಬ್ಬಿದಲ್ಲಿ ಹುಲ್ಲು ಅಡಗುತ್ತದೆ. ಬೇಸಿಗೆಯಲ್ಲಿ ಒಣಗಿದ ಪೊದೆ ನೆಲದ ಬೆಂಕಿಯನ್ನು ಮರದ ಕೊಂಬೆಗಳವರೆಗೆ ಏರಿಸುವ ಏಣಿಯಾಗುತ್ತದೆ.

ಕತ್ತರಿಸಿದಷ್ಟೂ ಅದು ಚಿಗುರುವುದೇಕೆ? ಕಾಂಡವೂ ಬೇರೂ ಕೂಡುವ ಜಾಗದಲ್ಲಿ ಅದರ ಚಿಗುರುವ ಶಕ್ತಿ ಅಡಗಿದೆ. ಆ ಗಂಟಿನ ಕೆಳಗೆ, ಮಣ್ಣಿನೊಳಗೆ, ಪಿಕಾಸಿಯಿಂದ ತಾಯಿಬೇರನ್ನು ಕಡಿದು ಬುಡಮೇಲು ಮಾಡಿ ಒಣಗಲು ಬಿಟ್ಟರೆ ಗಿಡ ಸಾಯುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತವರ ಸಂಗಡಿಗರು ರೂಪಿಸಿದ ವಿಧಾನವಿದು. ಆದರೆ ಗಿಡ ಸತ್ತ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಲಂಟಾನದ ಹಣ್ಣು ತಿಂದ ಪಿಕಳಾರದಂತಹ ಹಕ್ಕಿಗಳು ಮರದ ಮೇಲೆ ಕುಳಿತು ಬೀಜ ಉದುರಿಸುತ್ತವೆ. ಮುಂದಿನ ಮಳೆಗಾಲದಲ್ಲಿ ಆ ಮರಗಳ ಬುಡದಲ್ಲಿ ಸಸಿಗಳು ಏಳುತ್ತವೆ. ಅವನ್ನು ಕೈಯಿಂದ ಕೀಳಬೇಕು; ಅದರ ಮುಂದಿನ ಮಳೆಗಾಲದಲ್ಲಿಯೂ ಕೀಳಬೇಕು. ಬರಿದಾದ ನೆಲಕ್ಕೆ ಸ್ಥಳೀಯ ಹುಲ್ಲಿನ ಬೀಜ ಬೀಳದಿದ್ದರೆ ಮತ್ತೊಂದು ಕಳೆ ಬಂದು ಕೂರುತ್ತದೆ.

ನೆಲದ ಆರೈಕೆಗೆ ತನ್ನದೇ ಪಂಚಾಂಗವಿದೆ. ಮಳೆ ನಿಂತು ಮಣ್ಣು ಇನ್ನೂ ಮೆದುವಾಗಿರುವಾಗ ಬೇರು ಕೀಳುವ ಕಾಲ. ಹುಲ್ಲು ತೆನೆಗಟ್ಟಿ ಒಣಗುವಾಗ ಬೀಜ ಸಂಗ್ರಹಿಸುವ ಕಾಲ. ಚಳಿಗಾಲದಲ್ಲಿ ಬೆಂಕಿರೇಖೆ ಸವರಬೇಕು, ಬೇಸಿಗೆಯಲ್ಲಿ ಕಾವಲು ಕಾಯಬೇಕು, ಮುಂಗಾರಿಗೆ ಬಿತ್ತಬೇಕು, ಮಳೆಯ ನಡುವೆ ಕಳೆ ಕೀಳಬೇಕು. ನಮ್ಮ ಸೇವಾ ಯೋಜನೆಗಳಿಗೂ ಒಂದು ಪಂಚಾಂಗವಿದೆ. ಅದು ಪರೀಕ್ಷೆಯ ವೇಳಾಪಟ್ಟಿಯನ್ನೂ ಅನುದಾನ ಖರ್ಚಾಗಬೇಕಾದ ಮಾರ್ಚ್ ತಿಂಗಳನ್ನೂ ನೋಡಿ ಬರೆದದ್ದು. ಈ ಎರಡು ಪಂಚಾಂಗಗಳು ಎಲ್ಲಿಯೂ ಸಂಧಿಸುವುದಿಲ್ಲ.

ಗಾಂಧಿ ಶತಮಾನೋತ್ಸವದ ವರ್ಷವಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಹಳ್ಳಿಯ ಮನೆಯಲ್ಲಿ ಕುಳಿತು ಉಂಡು, ಜಾತಿಯ ಗೋಡೆ ಸ್ವಲ್ಪವಾದರೂ ಸಡಿಲಗೊಂಡ ಹುಡುಗ ಹುಡುಗಿಯರನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಎರಡು ವರ್ಷಗಳಲ್ಲಿ 240 ಗಂಟೆ ಮತ್ತು ಒಂದು ಏಳು ದಿನದ ಶಿಬಿರ ಎಂಬ ಚೌಕಟ್ಟು ವಿದ್ಯಾರ್ಥಿಯ ವ್ಯಕ್ತಿತ್ವಕ್ಕಾಗಿ ರೂಪುಗೊಂಡದ್ದೇ ಹೊರತು ಭೂಮಿಯ ಅಗತ್ಯಕ್ಕಾಗಿ ಅಲ್ಲ. ಒಂದು ಋತುವಿಡೀ ಒಂದೇ ಜಾಗದಲ್ಲಿ ನಿಂತು, ಮರುವರ್ಷ ಅಲ್ಲಿಗೇ ಮರಳಿ, ತಾನು ಮಾಡಿದ್ದು ಉಳಿಯಿತೇ ಅಳಿಯಿತೇ ಎಂದು ನೋಡುವ ಅವಕಾಶ ಯುವಜನರಿಗೆ ಅದರಲ್ಲಿಲ್ಲ.

ಅಂತಹ ಪ್ರಯತ್ನಕ್ಕೆ ಚರಿತ್ರೆಯಲ್ಲಿ ನಿದರ್ಶನವಿದೆ. ಮಹಾ ಆರ್ಥಿಕ ಕುಸಿತದ ನಡುವೆ, 1933ರಲ್ಲಿ, ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ನಿರುದ್ಯೋಗಿ ಯುವಕರ ಸಂರಕ್ಷಣಾ ಪಡೆಯೊಂದನ್ನು ಕಟ್ಟಿದರು. 1942ರವರೆಗೆ ನಡೆದ ಆ ಪಡೆಗೆ ಸುಮಾರು 30 ಲಕ್ಷ ಯುವಕರು ಆರಾರು ತಿಂಗಳ ಅವಧಿಗೆ ಸೇರಿದರು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25 ಡಾಲರ್ ಮನೆಗೆ ಹೋಗಬೇಕು. ಅವರು ಕಾಡ್ಗಿಚ್ಚು ಆರಿಸಿದರು, ಮಣ್ಣಿನ ಸವಕಳಿ ತಡೆದರು, ಸುಮಾರು 300 ಕೋಟಿ ಗಿಡ ನೆಟ್ಟರು.

ಆ ಚರಿತ್ರೆಯ ಕಪ್ಪು ಪುಟಗಳನ್ನೂ ಓದಬೇಕು. ಆ ಪಡೆಯಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. ಕಪ್ಪು ಜನಾಂಗದ ಯುವಕರನ್ನು ಬೇರೆ ಶಿಬಿರಗಳಲ್ಲಿ ಇರಿಸಲಾಯಿತು. ಸವಕಳಿ ತಡೆಯಲೆಂದು ಅದೇ ಯುವಕರ ಕೈಯಿಂದ ನೆಡಿಸಿದ ಕುಡ್ಜು ಎಂಬ ಏಷ್ಯಾ ಮೂಲದ ಬಳ್ಳಿ ಮುಂದೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮರ, ಮನೆ, ಕಂಬಗಳನ್ನೆಲ್ಲ ಹೊದ್ದು ಮಲಗುವ ಕಳೆಯಾಯಿತು. ಸ್ಥಳದ ತಿಳಿವಳಿಕೆ ಇಲ್ಲದ ಉತ್ಸಾಹ ನೆಲಕ್ಕೆ ಎಷ್ಟು ಹಾನಿ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಸ್ಥಳದ ತಿಳಿವಳಿಕೆ ಯಾರಲ್ಲಿದೆ? ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಹಿಂದೆ ‘ತರಗು ಬೆಂಕಿ’ ಹಾಕುತ್ತಿದ್ದರು. ಬೇಸಿಗೆ ಬಲಿಯುವ ಮೊದಲೇ ಉದುರಿದ ಎಲೆಗಳಿಗೆ ಹಚ್ಚುತ್ತಿದ್ದ ತೆಳುವಾದ ಬೆಂಕಿ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೆಟ್ಟ ಅಭಯಾರಣ್ಯವಾಯಿತು, ತರಗು ಬೆಂಕಿ ಅಪರಾಧವಾಯಿತು. ಅದು ನಿಂತ ಮೇಲೆಯೇ ಲಂಟಾನ ಹೆಚ್ಚಿತು ಎಂಬುದು ಸೋಲಿಗ ಹಿರಿಯರ ವಾದ. ಈ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿರಬಹುದು. ಆದರೆ ತಲೆಮಾರುಗಳ ಕಾಲ ಒಂದೇ ಕಾಡನ್ನು ನೋಡಿದ ಕಣ್ಣುಗಳ ಸಾಕ್ಷ್ಯವನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಸಮುದಾಯದ ಕಾಡನ್ನು ರಕ್ಷಿಸುವ, ಪುನರುಜ್ಜೀವಗೊಳಿಸುವ ಹಕ್ಕನ್ನು ಗ್ರಾಮಸಭೆಗಳಿಗೆ ಕೊಟ್ಟಿದೆ. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲಿಯೇ ಅಲ್ಲಿನ ಸೋಲಿಗರ ಸಮುದಾಯ ಹಕ್ಕುಗಳಿಗೂ ಮಾನ್ಯತೆ ದೊರೆಯಿತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಸಮುದಾಯದವನು. ಪದವಿ ಮುಗಿಸಿದ ಮೇಲೆ ಬೇಸಿಗೆಯ ತಿಂಗಳುಗಳಲ್ಲಿ ದಿನಗೂಲಿಯ ಮೇಲೆ ಬೆಂಕಿ ಕಾವಲುಗಾರನಾಗಿ ದುಡಿಯುತ್ತಿದ್ದ. ಮಳೆ ಬಿದ್ದೊಡನೆ ಕೆಲಸ ಮುಗಿಯಿತು, ಕಾಫಿ ತೋಟಕ್ಕೆ ಕೂಲಿಗೆ ಹೋಗಬೇಕು. ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಕೇಳಿದ: ‘ಸಾರ್, ಬೆಂಕಿ ಬಿದ್ದಾಗ ಮಾತ್ರ ಕಾಡಿಗೆ ನಾವು ಬೇಕಾ? ಮಳೆಯಲ್ಲಿ ಗಿಡ ಹುಟ್ಟೋವಾಗ ಬೇಡವಾ?’ ಉತ್ತರಿಸಲು ನನ್ನಲ್ಲಿ ಮಾತಿರಲಿಲ್ಲ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಅರಣ್ಯ ರಕ್ಷಕರೊಬ್ಬರು ಕಾಡ್ಗಿಚ್ಚಿಗೆ ಬಲಿಯಾದರು. 2019ರ ಫೆಬ್ರುವರಿಯಲ್ಲಿ ಅದೇ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ಬೆಂಗಳೂರು, ಮೈಸೂರುಗಳಿಂದ ನೂರಾರು ಯುವಕರು ಸ್ವಯಂಪ್ರೇರಣೆಯಿಂದ ಓಡಿ ಬಂದರು. ಯುವಜನರಲ್ಲಿ ಕಾಳಜಿಗೆ ಕೊರತೆಯಿಲ್ಲ. ಕೊರತೆಯಿರುವುದು ಅದನ್ನು ಒಂದು ಋತುವಿನುದ್ದಕ್ಕೂ ಹಿಡಿದಿಡುವ ವ್ಯವಸ್ಥೆಗೆ.

ನನ್ನ ಸಲಹೆ ಸರಳವಾದುದು. ಹದಿನೆಂಟರಿಂದ ಇಪ್ಪತ್ತೈದು ವರ್ಷದ ಯುವಕ ಯುವತಿಯರಿಗಾಗಿ ಆರು ತಿಂಗಳ ಋತುಮಾನದ ಭೂಸೇವೆಯೊಂದನ್ನು ರಾಜ್ಯ ಸರ್ಕಾರ ರೂಪಿಸಲಿ. ಮೊದಲ ಆದ್ಯತೆ ಕಾಡಂಚಿನ ಮಕ್ಕಳಿಗೆ. ನಗರದವರು ಅವರ ಜತೆಗಾರರಾಗಿ, ಕಲಿಯುವವರಾಗಿ ಬರಲಿ. ಗ್ರಾಮಸಭೆ ಜಾಗ ಗುರುತಿಸಲಿ, ಪೋಡಿನ ಹಿರಿಯರಿಗೆ ಗುರುಸ್ಥಾನವೂ ಅದಕ್ಕೆ ತಕ್ಕ ಸಂಭಾವನೆಯೂ ದೊರೆಯಲಿ. ಕನಿಷ್ಠ ಕೂಲಿಗೆ ಕಡಿಮೆಯಿಲ್ಲದ ವೇತನ, ವಿಮೆ, ಹೆಣ್ಣುಮಕ್ಕಳಿಗೆ ಸುರಕ್ಷಿತ ವಸತಿ ಕಡ್ಡಾಯವಾಗಲಿ. ಅದೇ ತಂಡ ಅದೇ ನೆಲಕ್ಕೆ ಕನಿಷ್ಠ ಮೂರು ವರ್ಷ ಮರಳಲಿ. ಸೇವೆ ಪೂರೈಸಿದವರಿಗೆ ಅರಣ್ಯ ಇಲಾಖೆಯ ನೇಮಕಾತಿಯಲ್ಲಿ ಮನ್ನಣೆ ಸಿಗಲಿ.

ಹಣ ಎಲ್ಲಿಂದ ಎಂಬ ಪ್ರಶ್ನೆ ಏಳುವುದು ಸಹಜ. ಗಣಿ, ರಸ್ತೆ, ಅಣೆಕಟ್ಟುಗಳಿಗೆ ಕಾಡು ಕಳೆದುಕೊಂಡ ಪರಿಹಾರವಾಗಿ ಸಂಗ್ರಹವಾಗುವ ಹಣದ ಬಳಕೆಗೆಂದೇ 2016ರಲ್ಲಿ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆ ಬಂದಿದೆ. ಬೆಂಕಿ ತಡೆ, ವನ್ಯಜೀವಿ ಆವಾಸದ ಸುಧಾರಣೆಗಳು ಅದರ ಉದ್ದೇಶಗಳಲ್ಲಿ ಸೇರಿವೆ. ನೆಟ್ಟ ಸಸಿಗಳ ಲೆಕ್ಕ ಕೊಡುವುದು ಸುಲಭ, ಕಿತ್ತ ಬೇರುಗಳ ಲೆಕ್ಕ ಕಷ್ಟ. ನಮ್ಮ ಆಡಳಿತಕ್ಕೆ ಗಿಡ ನೆಡುವ ಸಂಭ್ರಮವೇ ಪ್ರಿಯವಾಗಲು ಇದೂ ಒಂದು ಕಾರಣ. ಮೂರನೆಯ ಮಳೆಗಾಲದ ನಂತರ ಅಲ್ಲಿ ಹುಲ್ಲು ಉಳಿದಿದೆಯೇ ಎಂಬುದೇ ಈ ಸೇವೆಯ ಲೆಕ್ಕಪರಿಶೋಧನೆಯಾಗಬೇಕು.

ನಿವೃತ್ತನಾದ ಮೇಲೆ ಆ ಕೆರೆ ಏರಿಗೆ ಮತ್ತೆ ಹೋಗಿದ್ದೆ. ಊರಿನ ನಾಲ್ವರು ಹುಡುಗರು ಮೂರು ಮಳೆಗಾಲ ಬಿಡದೆ ಕಿತ್ತ ಕಾಲು ಎಕರೆಯಷ್ಟು ಜಾಗದಲ್ಲಿ ಹುಲ್ಲು ಮೊಣಕಾಲೆತ್ತರ ನಿಂತಿತ್ತು, ಎರಡು ಎಮ್ಮೆಗಳು ಮೇಯುತ್ತಿದ್ದವು. ಉಳಿದ ಏರಿಯೆಲ್ಲ ಲಂಟಾನವೇ. ನನ್ನ ಐವತ್ತು ವಿದ್ಯಾರ್ಥಿಗಳಿಂದ ಆಗದ್ದನ್ನು ಆ ನಾಲ್ವರು ಮಾಡಿದ್ದರು. ಅವರಿಗೆ ಅದಕ್ಕಾಗಿ ಯಾರೂ ಒಂದು ರೂಪಾಯಿ ಕೊಟ್ಟಿರಲಿಲ್ಲ. ಅವರಲ್ಲಿ ಇಬ್ಬರು ಕೆಲಸ ಹುಡುಕಿಕೊಂಡು ಆಗಲೇ ಊರು ಬಿಟ್ಟಿದ್ದರು.