ಕುಲಾವಿ ಬಿಚ್ಚಿ ಮತ್ತೆ ಹೆಣೆದೆವು



ನಿಮ್ಮಲ್ಲಿ ಎಷ್ಟೋ ಜನ ಉಲ್ಲನ್ ಹೆಣೆಯುತ್ತೀರಿ. ಹೆಣೆಯುವಾಗ ತಪ್ಪಾಗುತ್ತದೆ. ತಪ್ಪಿದ್ದನ್ನು ಬಿಚ್ಚಲು ಮನಸ್ಸು ಬರುವುದಿಲ್ಲ. ನಮಗೂ ಹಾಗೇ ಆಗಿತ್ತು. ಆ ಕಥೆ ಕೇಳಿ.

ನಮ್ಮ ಮನೆ ಮೈಸೂರಿನ ಯಾದವಗಿರಿಯಲ್ಲಿದೆ. ಆಕಾಶವಾಣಿ ಇರುವ ಬಡಾವಣೆ ಅದು. ನಮ್ಮ ತಂಗಿ ಬಸುರಿಯಾಗಿದ್ದಳು. ಕುಲಾವಿ ಹೆಣೆಯೋಣ ಅಂತ ಉಲ್ಲನ್ ತಂದೆವು. ಅತ್ತೆ ತಡೆದರು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರಂತೆ! ಗಾದೆ ಗೊತ್ತಿಲ್ವಾ? ಹುಟ್ಟಲಿ, ಆಮೇಲೆ ಮಾಡು" ಅಂದರು. ಸರಿ ಎಂದು ಸುಮ್ಮನಾದೆವು.

ತಿಂಗಳು ತುಂಬುವ ಮೊದಲೇ ಹೆರಿಗೆ ಆಯಿತು. ಡಿಸೆಂಬರ್ ಚಳಿ ಬೇರೆ. ಕೂಸಿನ ತೂಕ 2 ಕಿಲೋ 100 ಗ್ರಾಂ. ತೂಕ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಕೂಸು. ಅಂಥ ಕೂಸಿನ ಮೈ ಬೇಗ ತಣ್ಣಗಾಗುತ್ತದೆ. ಮೈಗೆ ಹೋಲಿಸಿದರೆ ಕೂಸಿನ ತಲೆ ದೊಡ್ಡದು. ತಲೆ ಬರಿದಾಗಿದ್ದರೆ ಬಹಳ ಶಾಖ ಹೊರಗೆ ಹೋಗುತ್ತದೆ. "ತಾಯಿಯ ಎದೆಗೆ ಒತ್ತಿ ಇಟ್ಕೊಳ್ಳಿ. ತಲೆಗೆ ಟೋಪಿ ಹಾಕಿ" ಎಂದು ನರ್ಸಮ್ಮ ಹೇಳಿದರು. ಅಂಗಡಿಯಿಂದ ತಂದ ಟೋಪಿ ಕಣ್ಣಿನ ಮೇಲೆ ಇಳಿಯಿತು.

ಅವತ್ತೇ ಕಡ್ಡಿ ಹಿಡಿದೆವು. 72 ಕುಣಿಕೆ ಹಾಕಿದೆವು.

ತಪ್ಪು ಹೇಗಾಯಿತು?

ಶಾಲೆ ಮುಗಿಸಿ ಮನೆಗೆ ಬಂದರೆ ಒಂದು ಕಡೆ ಕೂರಲು ಆಗುತ್ತದೆಯೇ? ಕುಕ್ಕರ್ ಕೂಗಿತು. ಅರ್ಧ ಸಾಲಿನಲ್ಲೇ ಎದ್ದೆವು. ಮಗನ ಲೆಕ್ಕ ನೋಡಿದೆವು. ಮಾವನಿಗೆ ಮಾತ್ರೆ ಕೊಟ್ಟೆವು. ವಾಪಸ್ಸು ಬಂದು ಹೆಣಿಗೆ ಎತ್ತಿಕೊಂಡಾಗ ಬಲಗೈ ಕಡ್ಡಿ ಎಡಗೈಗೆ ಬಂದುಬಿಟ್ಟಿತ್ತು. ಮುಂದೆ ಹೋಗುವ ಬದಲು ಬಂದ ದಾರಿಯಲ್ಲೇ ತಿರುಗಿ ಹೆಣೆದೆವು. ಹೀಗೆ ಮಾಡಿದರೆ ಒಂದು ಪಕ್ಕ ಎರಡು ಸಾಲು ಎತ್ತರ ಆಗುತ್ತದೆ. ತಿರುಗಿದ ಜಾಗದಲ್ಲಿ ತೂತು ಬೀಳುತ್ತದೆ.

6 ಸಾಲು ಆದ ಮೇಲೆ ತೂತು ಕಂಡಿತು. ಲೆಕ್ಕ ಹಾಕಿ. ಸಾಲಿಗೆ 72 ಕುಣಿಕೆ. 6 ಸಾಲಿಗೆ 432 ಕುಣಿಕೆ! ರಾತ್ರಿ ಹತ್ತೂವರೆ ಆಗಿತ್ತು. ಕಣ್ಣು ಎಳೆಯುತ್ತಿತ್ತು. "ಹೋಗ್ಲಿ ಬಿಡಿ, ಯಾರು ನೋಡ್ತಾರೆ?" ಅಂದೆವು. ಅತ್ತೆ ಆ ತೂತಿಗೆ ಬೆರಳು ತೂರಿಸಿದರು. ಬೆರಳು ಸಲೀಸಾಗಿ ಹೋಯಿತು. "ನೋಡೋರು ಯಾರೂ ಇಲ್ಲ, ಸರಿ. ಗಾಳಿಗೆ ದಾರಿ ಗೊತ್ತಾಗಲ್ವಾ?" ಎಂದರು.

ಬಿಚ್ಚಿದೆವು.

ಬಿಚ್ಚುವುದು ಹೇಗೆ?

1. ತಪ್ಪು ಇದೇ ಸಾಲಿನಲ್ಲಿ ಇದ್ದರೆ ಕಡ್ಡಿ ತೆಗೆಯಬೇಡಿ. ಒಂದೊಂದೇ ಕುಣಿಕೆ ಬಿಚ್ಚುತ್ತಾ ಹಿಂದೆ ಹೋಗಿ.

2. ಒಂದೇ ಕುಣಿಕೆ ಜಾರಿದ್ದರೆ ಎಲ್ಲವನ್ನೂ ಬಿಚ್ಚಬೇಕಾಗಿಲ್ಲ. ಜಾರಿದ ಕುಣಿಕೆಯ ಮೇಲೆ ಏಣಿಯ ಹಾಗೆ ಅಡ್ಡ ದಾರಗಳು ಕಾಣುತ್ತವೆ. ಕ್ರೋಶಾ ಕಡ್ಡಿಯಿಂದ ಕುಣಿಕೆಯನ್ನು ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿಸಿ.

3. ಹಲವು ಸಾಲು ಬಿಚ್ಚಬೇಕಾದರೆ ಮೊದಲು ಕಾವಲು ದಾರ ಹಾಕಿ. ತಪ್ಪಿನ ಕೆಳಗೆ ಸರಿಯಾಗಿರುವ ಒಂದು ಸಾಲು ಹುಡುಕಿ. ಬೇರೆ ಬಣ್ಣದ ದಾರವನ್ನು ದಪ್ಪ ಸೂಜಿಗೆ ಪೋಣಿಸಿ. ಆ ಸಾಲಿನ ಪ್ರತಿ ಕುಣಿಕೆಯಲ್ಲೂ ತೂರಿಸಿ. ಎಣಿಸಿ ನೋಡಿ. ಆಮೇಲೆ ಕಡ್ಡಿ ತೆಗೆದು ಉಲ್ಲನ್ ಎಳೆಯಿರಿ. ಕಾವಲು ದಾರದ ಹತ್ತಿರ ಬಿಚ್ಚುವುದು ತಾನೇ ನಿಲ್ಲುತ್ತದೆ. ಕುಣಿಕೆಗಳನ್ನು ಮತ್ತೆ ಕಡ್ಡಿಗೆ ಏರಿಸಿ.

ಬಿಚ್ಚಿದ ಉಲ್ಲನ್ ಗುಂಗುರು ಕೂದಲಿನಂತೆ ಸುರುಳಿಯಾಗಿರುತ್ತದೆ. ಅದು ಕೆಟ್ಟಿಲ್ಲ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ. ನಾಲ್ಕು ಕಡೆ ಸಡಿಲವಾಗಿ ಕಟ್ಟಿ. ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ. ಹಿಂಡದೆ ನೆರಳಿನಲ್ಲಿ ತೂಗುಹಾಕಿ. ಒಣಗಿದಾಗ ದಾರ ನೆಟ್ಟಗಾಗುತ್ತದೆ. ಕುದಿಯುವ ನೀರು ಬೇಡ. ನಿಜವಾದ ಉಣ್ಣೆ ಕುಗ್ಗುತ್ತದೆ. ಅಕ್ರಿಲಿಕ್ ದಾರ ಜೋಲಾಗುತ್ತದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಬ್ರಿಟನ್ ದೇಶದಲ್ಲಿ ಬಟ್ಟೆಗೂ ರೇಷನ್ ಬಂತು. ಅಲ್ಲಿನ ಹೆಂಗಸರು ಹಳೆಯ ಸ್ವೆಟರ್ ಬಿಚ್ಚಿ, ಅದೇ ದಾರದಲ್ಲಿ ಮಕ್ಕಳಿಗೆ ಹೊಸದು ಹೆಣೆದರು.

ಎಲ್ಲ ತಪ್ಪನ್ನೂ ಬಿಚ್ಚಬೇಕೇ?

ಬೇಡ. ಸೀದಾ ಬರಬೇಕಾದ ಕಡೆ ಒಂದು ಕುಣಿಕೆ ಉಲ್ಟಾ ಬಂದರೆ ಬಿಡಿ. ಕೂಸಿಗೆ ಅದರಿಂದ ತೊಂದರೆ ಇಲ್ಲ. ತೂತು ಇದ್ದರೆ, ಅಳತೆ ತಪ್ಪಿದ್ದರೆ, ಕುಣಿಕೆ ಜಾರಿದ್ದರೆ ಸರಿ ಮಾಡಲೇಬೇಕು.

ಕಾಲುಚೀಲ, ಕೈಚೀಲದ ಒಳಗಡೆ ಇನ್ನೂ ಹುಷಾರಾಗಿರಿ. ಒಳಗೆ ಸಡಿಲ ದಾರ ಇದ್ದರೆ ಕೂಸಿನ ಬೆರಳಿಗೆ ಸುತ್ತಿಕೊಳ್ಳುತ್ತದೆ. ರಕ್ತ ಓಡುವುದು ನಿಲ್ಲುತ್ತದೆ. ಬೆರಳು ಊದಿ ಕೆಂಪಾಗುತ್ತದೆ. ಹಾಕುವ ಮೊದಲು ಒಳಮಗ್ಗುಲು ತಿರುಗಿಸಿ ನೋಡಿ. ಕೂಸು ಸುಮ್ಮನೆ ಅಳುತ್ತಿದ್ದರೆ ಬೆರಳುಗಳನ್ನೂ ನೋಡಿ. ದಾರ ಬಿಡಿಸಲು ಆಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮತ್ತೆ ತಪ್ಪದಂತೆ ಏನು ಮಾಡಿದೆವು?

ಆದಷ್ಟೂ ಸಾಲು ಮುಗಿಸಿಯೇ ಏಳುತ್ತೇವೆ. ಅರ್ಧಕ್ಕೆ ಎದ್ದರೆ, ಬಂದ ಮೇಲೆ ದಾರ ನೋಡುತ್ತೇವೆ. ಉಂಡೆಯಿಂದ ಬರುವ ದಾರ ಬಲಗೈ ಕಡ್ಡಿಯ ಕಡೆ ಇರಬೇಕು. ಹಾಗಿದ್ದರೆ ದಾರಿ ಸರಿ.

ಇನ್ನೊಂದು ಕೆಲಸ, ಚೀಟಿ ಬರೆಯುವುದು. "ಸಾಲು 14 ಮುಗಿಯಿತು. ಮುಂದೆ ಉಲ್ಟಾ." ಇಷ್ಟೇ. ಚೀಟಿಯನ್ನು ಉಂಡೆಗೆ ಸಿಕ್ಕಿಸುತ್ತೇವೆ.

ನಮ್ಮ ಅತ್ತೆ ಅರವತ್ತು ದಾಟಿದ ಮೇಲೆ ಅಕ್ಷರ ಕಲಿತವರು. ಮಾರನೆಯ ದಿನ ನಾವು ಶಾಲೆಗೆ ಹೋಗಿದ್ದೆವು. ಸಂಜೆ ಬಂದು ನೋಡಿದರೆ ಕುಲಾವಿ ಬೆಳೆದಿತ್ತು! ಅತ್ತೆ ಚೀಟಿ ಓದಿ, ಅಲ್ಲಿಂದ ಮುಂದೆ ಹೆಣೆದಿದ್ದರು. ನಮ್ಮ ಬರಹದ ಕೆಳಗೆ ಅವರ ಅಕ್ಷರ ಇತ್ತು: "ಸಾಲು 22 ಮುಗಿಯಿತು. ಮುಂದೆ ಉಲ್ಟಾ." ಆ ರಾತ್ರಿಯೇ ಕುಲಾವಿ ಮುಗಿಯಿತು. ಬೆಳಿಗ್ಗೆ ಕೂಸಿನ ತಲೆಗೆ ಸರಿಯಾಗಿ ಕೂತಿತು.

ಮಾತನಾಡೋಣ

• ಕೂಸಿಗೆ ಬೇಕಾದ ಬಟ್ಟೆಯನ್ನು ನಿಮ್ಮ ಮನೆಯಲ್ಲಿ ಯಾವಾಗ ಸಿದ್ಧ ಮಾಡುತ್ತೀರಿ? ಮುಂಚೆಯೇ ಮಾಡಿಟ್ಟರೆ ಏನು ಅನುಕೂಲ?
• ಮನೆಯ ಯಾವ ಯಾವ ಕೆಲಸಕ್ಕೆ ಚೀಟಿ ಬರೆದಿಡಬಹುದು?

ಬರೆಯೋಣ

• ಒಂದು ಸಾಲಿಗೆ 60 ಕುಣಿಕೆ. 5 ಸಾಲು ಬಿಚ್ಚಿದರೆ ಒಟ್ಟು ಎಷ್ಟು ಕುಣಿಕೆ?
• ನೀವು ಅರ್ಧಕ್ಕೆ ಬಿಟ್ಟು ಬಂದಿರುವ ಒಂದು ಕೆಲಸಕ್ಕೆ ಎರಡು ಸಾಲಿನ ಚೀಟಿ ಬರೆಯಿರಿ. ಮನೆಯಲ್ಲಿ ಇನ್ನೊಬ್ಬರಿಗೆ ಓದಲು ಕೊಡಿ.